ಒಂದೇ ಹಾಳೆಯಲ್ಲಿ ಕನ್ನಡ, ಉರ್ದು ಎರಡೂ ಇದ್ದರೆ ಚುಕ್ಕೆ, ನಂಬರು, ಬ್ರಾಕೆಟ್ ಎಲ್ಲ ಜಾಗ ಬಿಟ್ಟು ಓಡುತ್ತವೆ. ಏನು ಮಾಡೋದು?

ಸ್ಟೇಷನ್ ರೋಡ್ ಡಿಟಿಪಿ:
ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು, ಇಂಥವೇ ಕೆಲಸ. ನಮ್ಮ ಕಡೆ ಗಿರಾಕಿಗಳು ಒಂದೇ ಹಾಳೆಯಲ್ಲಿ ಮೇಲೆ ಕನ್ನಡ, ಕೆಳಗೆ ಉರ್ದು, ನಡುವೆ ಎರಡು ಸಾಲು ಇಂಗ್ಲಿಷ್ ಕೇಳುತ್ತಾರೆ, ನಿಮಗೂ ಗೊತ್ತಿರೋದೇ. ನಾನು ಬಳಸೋದು ಲಿಬ್ರೆ ಆಫೀಸ್, ವರ್ಡ್ ಥರದ ಉಚಿತ ಸಾಫ್ಟ್‌ವೇರು. ಉರ್ದು ಪ್ಯಾರಾ ಸೆಲೆಕ್ಟ್ ಮಾಡಿ ಬಲಕ್ಕೆ ಅಲೈನ್ ಮಾಡಿದರೆ ನೋಡೋಕೆ ಸರಿ ಇರುತ್ತದೆ. ಆದರೆ ವಾಕ್ಯದ ಕೊನೆಯ ಚುಕ್ಕೆ ಬಲತುದಿಗೆ ಹೋಗಿ ಕೂರುತ್ತದೆ. ಅಂದರೆ ಉರ್ದು ಓದುವವರಿಗೆ ವಾಕ್ಯ ಶುರುವಾಗುವ ಮೊದಲೇ ಚುಕ್ಕೆ! ಬ್ರಾಕೆಟ್ ಒಂದು ಆ ಕಡೆ, ಒಂದು ಈ ಕಡೆ. ಫೋನ್ ನಂಬರಿಗೆ ಮುಂದೆ 08472 ಹೊಡೆದು ಅಡ್ಡಗೆರೆ ಹಾಕಿದರೆ ಅದು ನಂಬರಿನ ಹಿಂದೆ ಬರುತ್ತದೆ. ಊಟದ ಟೈಮು 7-30 ಅಂತ ಹೊಡೆದರೆ 30-7 ಆಗುತ್ತದೆ.

ಸ್ಪೇಸ್ ಹೊಡೆದು ಹೇಗೋ ಹೊಂದಿಸಿದರೆ ಅಕ್ಷರದ ಸೈಜ್ ಬದಲಿಸಿದ ತಕ್ಷಣ ಮತ್ತೆ ಚೆಲ್ಲಾಪಿಲ್ಲಿ. ನನಗೆ ಉರ್ದು ಮಾತು ಬರುತ್ತದೆ, ಓದೋಕೆ ಅಷ್ಟಕ್ಕಷ್ಟೇ. ಹಾಗಾಗಿ ತಪ್ಪಾದರೂ ಗಿರಾಕಿ ಹೇಳುವ ತನಕ ಗೊತ್ತಾಗಲ್ಲ. ಯಾರಿಗಾದರೂ ದಾರಿ ಗೊತ್ತಿದ್ದರೆ ಹೇಳ್ರಿ.

ಬ್ರಹ್ಮಪುರದ ಹುಡುಗ:
ಇನ್‌ಪೇಜ್ ಅನ್ನೋ ಉರ್ದು ಟೈಪಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ ಅಣ್ಣಾ. ಮುಗೀತು.

ಸ್ಟೇಷನ್ ರೋಡ್ ಡಿಟಿಪಿ:
ಇನ್‌ಪೇಜ್ ಇದೆ ತಮ್ಮಾ, ಹಳೇ ವರ್ಷನ್ನು. ಉರ್ದು ಅದರಲ್ಲಿ ಚೆನ್ನಾಗೇ ಬರುತ್ತದೆ. ಕನ್ನಡ ಏನು ಮಾಡಲಿ? ಉರ್ದುವನ್ನು ಚಿತ್ರ ಮಾಡಿ, ಡಿಸೈನ್ ಮಾಡುವ ಕೋರೆಲ್‌ಗೆ ತಂದು ಅಂಟಿಸಬೇಕು. ಆಮೇಲೆ ಗಿರಾಕಿ ಫೋನ್ ಮಾಡಿ "ಮಾಮೂಜಾನ್ ಹೆಸರು ಬಿಟ್ಟೀರಿ" ಅಂದರೆ ಮತ್ತೆ ಇನ್‌ಪೇಜ್ ತೆರೆ, ಮತ್ತೆ ಚಿತ್ರ ಮಾಡು, ಮತ್ತೆ ಅಂಟಿಸು. ಲಗ್ನದ ಸೀಸನ್ನಿನಲ್ಲಿ ಇದನ್ನೆಲ್ಲ ಯಾರು ಮಾಡ್ತಾರೆ?

ಕೀಲಿಮಣೆ:
ಸರ್, ನಾನು ಬೀದರ್‌ನವನು, ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ನಿಮ್ಮ ಅರ್ಧ ಸಮಸ್ಯೆ ಒಂದೇ ಕಡೆ ಇದೆ. ಬಲಕ್ಕೆ ಅಲೈನ್ ಮಾಡೋದು ಬೇರೆ, ಪ್ಯಾರಾದ ದಿಕ್ಕು ಬದಲಿಸೋದು ಬೇರೆ. ನೀವು ಮಾಡಿರೋದು ಮೊದಲನೆಯದು ಮಾತ್ರ. ಸಾಲನ್ನು ಬಲಗಡೆ ಸರಿಸಿದ್ದೀರಿ, ಒಳಗೆ ಪ್ಯಾರಾ ಇನ್ನೂ ಎಡದಿಂದ ಬಲಕ್ಕೇ ಇದೆ.

ಕಂಪ್ಯೂಟರ್ ಒಳಗೆ ಅಕ್ಷರಗಳು ನೀವು ಹೊಡೆದ ಕ್ರಮದಲ್ಲೇ ಇರುತ್ತವೆ. ತೋರಿಸುವಾಗ, ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನ ಬೈಡಿ, ಅಂದರೆ ಎರಡು ದಿಕ್ಕಿನ ಬರಹದ, ನಿಯಮದ ಪ್ರಕಾರ ತಿರುಗಿಸುತ್ತದೆ. ಕನ್ನಡ, ಇಂಗ್ಲಿಷ್ ಅಕ್ಷರಕ್ಕೆ ಎಡದಿಂದ ಬಲ ಅನ್ನೋದು ಪಕ್ಕಾ. ಉರ್ದು, ಅರಬ್ಬಿಗೆ ಬಲದಿಂದ ಎಡ ಪಕ್ಕಾ. ಆದರೆ ಸ್ಪೇಸ್, ಚುಕ್ಕೆ, ಬ್ರಾಕೆಟ್ಟಿಗೆ ಸ್ವಂತ ದಿಕ್ಕಿಲ್ಲ. ಎರಡೂ ಪಕ್ಕ ಒಂದೇ ಗುಂಪಿನ ಅಕ್ಷರ ಇದ್ದರೆ ಆ ಗುಂಪಿನ ಜೊತೆ ಹೋಗುತ್ತವೆ. ಇಲ್ಲದಿದ್ದರೆ ಪ್ಯಾರಾದ ದಿಕ್ಕು ಯಾವುದೋ ಅದು. ವಾಕ್ಯದ ಕೊನೆಯ ಚುಕ್ಕೆಗೆ ಆಚೆ ಕಡೆ ಯಾರೂ ಇಲ್ಲ, ಹಾಗಾಗಿ ಪ್ಯಾರಾ ಹೇಳಿದಂತೆ ಬಲಕ್ಕೆ ಓಡುತ್ತದೆ.

ಟೂಲ್ಸ್‌ನಲ್ಲಿ ಆಪ್ಷನ್ಸ್, ಅದರಲ್ಲಿ ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಹಾಕಿ. ಆಮೇಲೆ ಉರ್ದು ಪ್ಯಾರಾದಲ್ಲಿ ಕರ್ಸರ್ ಇಟ್ಟು ಕಂಟ್ರೋಲ್, ಶಿಫ್ಟ್, ಎ ಒತ್ತಿ. ಕನ್ನಡಕ್ಕೆ ವಾಪಸ್ ಬರೋಕೆ ಕಂಟ್ರೋಲ್, ಶಿಫ್ಟ್, ಡಿ. ಅಲೈನ್ ಬಟನ್ ಮುಟ್ಟಲೇಬೇಡಿ.

ಶಹಾಬಾದ್ ಕಲ್ಲು:
ವರ್ಡ್ ಬಳಸುವವರಿಗೆ: ಉರ್ದು ಕೀಬೋರ್ಡ್ ಹಾಕಿಕೊಂಡಿದ್ದರೆ ಕಂಟ್ರೋಲ್ ಜೊತೆ ಬಲಗಡೆಯ ಶಿಫ್ಟ್ ಒತ್ತಿದರೆ ಬಲದಿಂದ ಎಡ, ಎಡಗಡೆಯ ಶಿಫ್ಟ್ ಒತ್ತಿದರೆ ಎಡದಿಂದ ಬಲ. ಎಷ್ಟೋ ಜನ ಕಾಪಿ ಮಾಡೋಕೆ ಹೋಗಿ ಬಲ ಶಿಫ್ಟ್ ತಗುಲಿಸಿ "ನನ್ನ ಡಾಕ್ಯುಮೆಂಟ್ ಉಲ್ಟಾ ಆಯ್ತು" ಅಂತ ಓಡಿ ಬರುತ್ತಾರೆ.

ಚೌಬಾರಾ:
ಅಲೈನ್ ಮತ್ತು ದಿಕ್ಕು ಅಂದಾಗ ನೆನಪಾಯ್ತು. ಬೀದರ್‌ನಲ್ಲಿ ನಮ್ಮ ಪರಿಚಯದ ಮನೆಯ ಶಾದಿ ಕಾರ್ಡು. ಆಹ್ವಾನಿಸುವವರ ಸಾಲಿನಲ್ಲಿ ಅಣ್ಣ, ತಮ್ಮ ಇಬ್ಬರ ಹೆಸರು ಉರ್ದುವಿನಲ್ಲಿ. ಅಣ್ಣ ಡಾಕ್ಟರು. ಹಾಗಾಗಿ ಅವರ ಹೆಸರು, ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಎಂಬಿಬಿಎಸ್, ಆಮೇಲೆ ತಮ್ಮನ ಹೆಸರು. ಟೈಪ್ ಮಾಡಿದವನು ಸರಿಯಾಗೇ ಹೊಡೆದಿದ್ದಾನೆ. ಪ್ಯಾರಾ ಮಾತ್ರ ಎಡದಿಂದ ಬಲಕ್ಕಿತ್ತು. ಪ್ರಿಂಟ್ ಆಗಿ ಬಂದಾಗ ಎಡಗಡೆ ಅಣ್ಣ, ನಡುವೆ ಎಂಬಿಬಿಎಸ್, ಬಲಗಡೆ ತಮ್ಮ. ಉರ್ದು ಓದುವವರು ಬಲದಿಂದ ಶುರು ಮಾಡುತ್ತಾರಲ್ಲ, ಮೊದಲು ತಮ್ಮ, ಅವನ ಬೆನ್ನಿಗೇ ಎಂಬಿಬಿಎಸ್! ತಮ್ಮನದು ಟೈರ್ ಅಂಗಡಿ. ಹಿರಿಯನ ಹೆಸರು ಕೊನೆಗೆ ಹಾಕೀರಿ, ಮೇಲಾಗಿ ಡಿಗ್ರಿನೂ ಕಿತ್ತುಕೊಂಡೀರಿ ಅಂತ ದೊಡ್ಡ ರಾಮಾಯಣ ಆಯ್ತು. ಊರಲ್ಲಿ ಇವತ್ತಿಗೂ ಅವನನ್ನು ಡಾಕ್ಟರ್ ಸಾಬ್ ಅಂತಲೇ ಕರೆಯುತ್ತಾರೆ.

ಬ್ರಹ್ಮಪುರದ ಹುಡುಗ:
😂😂 ಟೈರ್ ಡಾಕ್ಟರ್

ತೊಗರಿ ಬೇಳೆ:
ಎಂಬಿಬಿಎಸ್ ಅನ್ನು ಕನ್ನಡದಲ್ಲಿ ಬರೆದಿದ್ದರೆ ಸರಿ ಹೋಗುತ್ತಿತ್ತಾ?

ಕೀಲಿಮಣೆ:
ಇಲ್ಲ ಅಕ್ಕಾ, ಕನ್ನಡವೂ ಎಡದಿಂದ ಬಲವೇ ಅಲ್ವಾ, ಅದೇ ಫಲಿತಾಂಶ. ಉರ್ದು ಅಕ್ಷರದಲ್ಲೇ ಬರೆದಿದ್ದರೆ ಇಡೀ ಸಾಲು ಒಂದೇ ತುಂಡಾಗಿ ಬಲದಿಂದ ಎಡಕ್ಕೆ ಹೋಗುತ್ತಿತ್ತು, ಜಗಳ ತಪ್ಪುತ್ತಿತ್ತು. ಅದಕ್ಕೇ ಪೂರ್ತಿ ಉರ್ದು ಇರುವ ಕಾರ್ಡಿನಲ್ಲಿ ಇಂಥ ತಪ್ಪು ಕಾಣೋದೇ ಇಲ್ಲ. ನಮ್ಮ ಜಿಲ್ಲೆಗಳಲ್ಲಿ ಎಲ್ಲ ಕಲಸಿ ಬರೆಯುತ್ತೇವೆ, ಹಾಗಾಗಿ ನಮಗೇ ಜಾಸ್ತಿ ತೊಂದರೆ.

ಸ್ಟೇಷನ್ ರೋಡ್ ಡಿಟಿಪಿ:
ಕಂಟ್ರೋಲ್ ಶಿಫ್ಟ್ ಎ ಕೆಲಸ ಮಾಡಿತು! ಚುಕ್ಕೆ, ಬ್ರಾಕೆಟ್ ಎರಡೂ ಜಾಗಕ್ಕೆ ಬಂದವು. ಆದರೆ 7-30 ಇನ್ನೂ 30-7 ಆಗೇ ಇದೆ. 08472 ಕೂಡ ಹಿಂದೆಯೇ. ಇದಕ್ಕೇನು?

ಶಹಾಬಾದ್ ಕಲ್ಲು:
ಚುಕ್ಕೆಗೆ ಇನ್ನೊಂದು ಮಾತು. ಇಂಗ್ಲಿಷ್ ಚುಕ್ಕೆ ಬದಲು ಉರ್ದು ಕೀಬೋರ್ಡಿನ ಪೂರ್ಣವಿರಾಮ ಹೊಡೆಯಿರಿ, ಸಣ್ಣ ಗೆರೆ ಥರ ಇರುತ್ತದಲ್ಲ ಅದು. ಅದನ್ನು ಯೂನಿಕೋಡ್ ಉರ್ದು ಅಕ್ಷರದ ಹಾಗೇ ಲೆಕ್ಕ ಹಾಕುತ್ತದೆ. ಪ್ಯಾರಾ ದಿಕ್ಕು ತಪ್ಪಿದ್ದರೂ ಅದು ಜಾಗ ಬಿಟ್ಟು ಕದಲಲ್ಲ. ಉರ್ದುವಿನ ತಿರುಗಿದ ಪ್ರಶ್ನೆ ಚಿಹ್ನೆಯೂ ಹಾಗೇ.

ಕೀಲಿಮಣೆ:
ಅಡ್ಡಗೆರೆಯ ವಿಷಯ ಮಜಾ ಇದೆ. ಅಂಕಿಗಳು ಉರ್ದು ಒಳಗೂ ಎಡದಿಂದ ಬಲಕ್ಕೇ ಓಡುತ್ತವೆ, 2024 ಅಂದರೆ 2024 ಆಗೇ ಇರುತ್ತದೆ. ತೊಂದರೆ ಅಂಕಿಗಳ ನಡುವಿನ ಚಿಹ್ನೆಯದು. ಹಿಂದೆ ಉರ್ದು ಅಕ್ಷರ ಬಂದಿದ್ದರೆ ಆ ಅಂಕಿಗಳನ್ನು ಅರಬ್ಬಿ ಅಂಕಿ ಅಂತ ಲೆಕ್ಕ ಹಾಕುತ್ತದೆ. ಆಗ ನಡುವೆ ಓರೆಗೆರೆ, ಚುಕ್ಕೆ ಅಥವಾ ಕೋಲನ್ ಇದ್ದರೆ ಎರಡೂ ಅಂಕಿ ಅಂಟಿಕೊಂಡೇ ಇರುತ್ತವೆ. ಅಡ್ಡಗೆರೆ ಇದ್ದರೆ ಬಿಟ್ಟುಹೋಗುತ್ತವೆ, ಆಮೇಲೆ ಬಲದಿಂದ ಎಡಕ್ಕೆ ಜೋಡಣೆ ಆಗುತ್ತದೆ. 12-05-2024 ಅನ್ನೋದು 2024-05-12 ಆಗೋದು ಹೀಗೆ. ಅದೇ 12/05/2024 ಹೊಡೆದರೆ ಅಲುಗಲ್ಲ.

ಹಾಗಾಗಿ ಸುಲಭದ ದಾರಿ: ಟೈಮಿಗೆ 7:30 ಅಥವಾ 7.30, ತಾರೀಖಿಗೆ ಓರೆಗೆರೆ.

ಮಾಸ್ತರ್ ಶಹಾಪುರ:
ಇದು ಪೂರ್ತಿ ಸರಿ ಅಲ್ಲ. ನಾನು ಉರ್ದು ಪ್ಯಾರಾದ ಮೊದಲಿಗೇ ಅಡ್ಡಗೆರೆ ಹಾಕಿ ತಾರೀಖು ಹೊಡೆಯುತ್ತೇನೆ, ಯಾವತ್ತೂ ತಿರುಗಿಲ್ಲ. ಸುಮ್ನೆ ಹೆದರಿಸಬೇಡ್ರಿ.

ಕೀಲಿಮಣೆ:
ಮಾಸ್ತರೇ, ಪ್ಯಾರಾದ ಮೊದಲಿಗೆ ಅಂದಿರಲ್ಲ, ಉತ್ತರ ಅದರಲ್ಲೇ ಇದೆ. ಹಿಂದೆ ಉರ್ದು ಅಕ್ಷರ ಇಲ್ಲ, ಹಾಗಾಗಿ ಅಂಕಿ ಮಾಮೂಲಿ ಅಂಕಿಯಾಗೇ ಉಳಿಯಿತು. ಈಗ ಅದೇ ತಾರೀಖಿನ ಹಿಂದೆ "ಬತಾರೀಖ್" ಅಂತ ಉರ್ದುವಿನಲ್ಲಿ ಹೊಡೆದು ನೋಡಿ.

ಮಾಸ್ತರ್ ಶಹಾಪುರ:
ನೋಡಿದೆ. ತಿರುಗಿತು. ಇಂಥ ನಿಯಮ ಯಾವ ಪುಣ್ಯಾತ್ಮ ಮಾಡಿದ್ದೋ.

ಚೌಬಾರಾ:
ಮೊಬೈಲ್ ನಂಬರನ್ನು ಐದೈದು ಅಂಕಿಯಾಗಿ ಬಿಡಿಸಿ ನಡುವೆ ಸ್ಪೇಸ್ ಕೊಟ್ಟರೂ ಅದೇ ಕಥೆ ಅಲ್ವಾ? ಕೊನೆಯ ಐದು ಮೊದಲು ಬರುತ್ತವೆ. ನಮ್ಮ ಓಣಿಯ ಒಂದು ಕರಪತ್ರದಲ್ಲಿ ಹೀಗಾಗಿ, ಫೋನ್ ಮಾಡಿದವರೆಲ್ಲ ರಾಂಗ್ ನಂಬರು.

ಕೀಲಿಮಣೆ:
ಹೌದು ಭಾಯ್. ಮುಂದೆ ಪ್ಲಸ್ 91 ಹಾಕಿದರೆ ಪ್ಲಸ್ ಕೂಡ 91ರ ಆಚೆ ಬದಿಗೆ ಹೋಗುತ್ತದೆ. ಎಲ್ಲಕ್ಕೂ ಒಂದೇ ಮದ್ದು: ನಂಬರು ಶುರುವಾಗುವ ಮುಂಚೆ ಒಂದು ಲೆಫ್ಟ್ ಟು ರೈಟ್ ಮಾರ್ಕ್ ಹಾಕಿ. ಕಣ್ಣಿಗೆ ಕಾಣಲ್ಲ, ಪ್ರಿಂಟಲ್ಲೂ ಬರಲ್ಲ. ಲಿಬ್ರೆ ಆಫೀಸ್‌ನಲ್ಲಿ ಇನ್ಸರ್ಟ್, ಫಾರ್ಮ್ಯಾಟಿಂಗ್ ಮಾರ್ಕ್ ಒಳಗೆ ಸಿಗುತ್ತದೆ. ವರ್ಡ್‌ನಲ್ಲಿ 200ಇ ಅಂತ ಇಂಗ್ಲಿಷ್‌ನಲ್ಲಿ ಹೊಡೆದು ಆಲ್ಟ್ ಜೊತೆ ಎಕ್ಸ್ ಒತ್ತಿ. ಅದು ಬಿದ್ದ ಮೇಲೆ ಹಿಂದೆ ಇದ್ದ ಉರ್ದು ಅಕ್ಷರದ ಹಂಗು ಅಂಕಿಗೆ ಇರಲ್ಲ. ಅಡ್ಡಗೆರೆ, ಸ್ಪೇಸ್, ಪ್ಲಸ್ ಎಲ್ಲ ನೀವು ಹೊಡೆದಂತೆ ಇರುತ್ತವೆ.

ತೊಗರಿ ಬೇಳೆ:
ವಾಟ್ಸಾಪ್‌ನಲ್ಲಿ ನನ್ನ ಮೆಸೇಜು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೋಗೋದೂ ಇದೇ ಕಾರಣಕ್ಕಾ? ನಾವು ಮನೆಯಲ್ಲಿ ಅರ್ಧ ಕನ್ನಡ ಅರ್ಧ ಉರ್ದು ಬರೆಯೋದು.

ಶಹಾಬಾದ್ ಕಲ್ಲು:
ಅಲ್ಲಿ ದಿಕ್ಕಿನ ಬಟನ್ ಇಲ್ಲ. ಮೊದಲ ಪಕ್ಕಾ ಅಕ್ಷರ ಯಾವ ಭಾಷೆಯದು ನೋಡಿ ತಾನೇ ತೀರ್ಮಾನ ಮಾಡುತ್ತದೆ. ಅಂಕಿ, ಇಮೋಜಿ ಲೆಕ್ಕಕ್ಕಿಲ್ಲ. ಬಲದಿಂದ ಬೇಕಿದ್ದರೆ ಉರ್ದು ಪದದಿಂದ ಶುರು ಮಾಡಿ.

ಸ್ಟೇಷನ್ ರೋಡ್ ಡಿಟಿಪಿ:
ಮಾರ್ಕ್ ಹಾಕಿದೆ, 08472 ಸರಿಯಾಯ್ತು. ಬಹಳ ಉಪಕಾರ. ಈಗ ಹೊಸ ತಲೆನೋವು. ಕನ್ನಡ ಫಾಂಟ್ ಬದಲಿಸಿದರೆ ಉರ್ದು ಫಾಂಟೂ ಹೋಗುತ್ತದೆ. ಉರ್ದುಗೆ ನಸ್ತಾಲೀಖ್ (ಇಳಿಜಾರಾಗಿ ಬರೆಯುವ ಉರ್ದು ಶೈಲಿ) ಫಾಂಟ್ ಕೊಟ್ಟು ಸೈಜ್ ಜಾಸ್ತಿ ಮಾಡಿದರೆ ಮೇಲಿನ ಕನ್ನಡವೂ ದಪ್ಪ ಆಗುತ್ತದೆ. ಒಂದನ್ನು ಮುಟ್ಟಿದರೆ ಇನ್ನೊಂದು ಯಾಕೆ ಕುಣಿಯಬೇಕು?

ಕೀಲಿಮಣೆ:
ಇದು ನನಗೆ ನಿಜವಾಗಲೂ ಸಿಟ್ಟು ಬರಿಸುವ ವಿಷಯ. ಲಿಬ್ರೆ ಆಫೀಸ್ ಜಗತ್ತಿನ ಲಿಪಿಗಳನ್ನೆಲ್ಲ ಮೂರು ಗುಂಪು ಮಾಡಿದೆ. ಪಾಶ್ಚಾತ್ಯ, ಏಷ್ಯನ್, ಕಾಂಪ್ಲೆಕ್ಸ್. ಏಷ್ಯನ್ ಅಂದರೆ ಅವರ ಲೆಕ್ಕದಲ್ಲಿ ಚೀನಾ, ಜಪಾನ್, ಕೊರಿಯಾ. ನಮ್ಮ ಕನ್ನಡ, ಉರ್ದು, ಹಿಂದಿ, ತೆಲುಗು, ಥಾಯ್, ಹೀಬ್ರೂ ಎಲ್ಲ ಕಾಂಪ್ಲೆಕ್ಸ್ ಅನ್ನೋ ಒಂದೇ ಚೀಲದಲ್ಲಿ. ಒಂದು ಸ್ಟೈಲಿಗೆ ಒಂದೇ ಕಾಂಪ್ಲೆಕ್ಸ್ ಫಾಂಟು, ಒಂದೇ ಸೈಜು. ಇಂಗ್ಲಿಷ್ ಜೊತೆ ಅರಬ್ಬಿ ಬರೆಯುವ ದುಬೈನವನಿಗೆ ಏನೂ ತೊಂದರೆ ಇಲ್ಲ, ಎರಡೂ ಬೇರೆ ಗುಂಪು. ಇಂಗ್ಲಿಷ್ ಜೊತೆ ಕನ್ನಡ ಬರೆಯುವ ಮೈಸೂರಿನವನಿಗೂ ಇಲ್ಲ. ಕನ್ನಡ ಜೊತೆ ಉರ್ದು ಬರೆಯುವ ಕಲಬುರಗಿಯವನು ಸಿಕ್ಕಿಹಾಕಿಕೊಂಡ. ಬಲದಿಂದ ಎಡದ ತೊಂದರೆ ಅಂತ ಎಲ್ಲರೂ ಬೈಡಿಯನ್ನೇ ಬೈಯುತ್ತಾರೆ. ಅದಕ್ಕೆ ಕನಿಷ್ಠ ನಿಯಮ ಇದೆ, ಮದ್ದು ಇದೆ. ನಮ್ಮ ಥರ ಎರಡೂ ಒಟ್ಟಿಗೆ ಬರೆಯುವವರು ಇದ್ದಾರೆ ಅಂತ ಈ ಗುಂಪು ಮಾಡಿದವರಿಗೆ ಹೊಳೆದೇ ಇಲ್ಲ.

ಮಾಡಬೇಕಾದ್ದು: ಎರಡು ಪ್ಯಾರಾ ಸ್ಟೈಲ್ ಮಾಡಿಟ್ಟುಕೊಳ್ಳಿ. ಒಂದು ಕನ್ನಡಕ್ಕೆ, ನಿಮ್ಮ ಕನ್ನಡ ಫಾಂಟು, ಎಡದಿಂದ ಬಲ. ಇನ್ನೊಂದು ಉರ್ದುಗೆ, ನಸ್ತಾಲೀಖ್ ಫಾಂಟು, ದೊಡ್ಡ ಸೈಜು, ಬಲದಿಂದ ಎಡ, ಸಾಲಿನ ಅಂತರ ಜಾಸ್ತಿ. ಕನ್ನಡ ಸಾಲಿನ ನಡುವೆ ಒಂದೆರಡು ಉರ್ದು ಪದ ಬಂದರೆ ಅದಕ್ಕೆ ಕ್ಯಾರೆಕ್ಟರ್ ಸ್ಟೈಲ್. ಖಾಲಿ ಫೈಲನ್ನು ಟೆಂಪ್ಲೇಟ್ ಮಾಡಿಟ್ಟರೆ ಪ್ರತಿ ಕಾರ್ಡಿಗೂ ಮಾಡುವ ಕೆಲಸ ಉಳಿಯುತ್ತದೆ.

ಮಾಸ್ತರ್ ಶಹಾಪುರ:
ಸಾಲಿನ ಅಂತರ ಫಿಕ್ಸೆಡ್ ಅಂತ ಕೊಡಬೇಡ್ರಿ. ನಸ್ತಾಲೀಖ್ ಅಕ್ಷರ ಮೇಲಿಂದ ಕೆಳಗೆ ಇಳಿಜಾರಾಗಿ ಇಳಿಯುತ್ತದೆ, ಉದ್ದ ಪದದ ಮೊದಲ ಅಕ್ಷರ ಬಹಳ ಮೇಲೆ ಹೋಗಿರುತ್ತದೆ. ಫಿಕ್ಸೆಡ್ ಕೊಟ್ಟರೆ ತಲೆ ಕತ್ತರಿಸಿ ಬರುತ್ತದೆ. ಮೇಲಿನ ನುಕ್ತೆ, ಅಂದರೆ ಅಕ್ಷರದ ಚುಕ್ಕೆ, ಹೋದರೆ ಅಕ್ಷರವೇ ಬೇರೆ ಆಗುತ್ತದೆ, ಹೆಸರೇ ಬದಲಾಗುತ್ತದೆ.

ಭೀಮಾ ತೀರ:
ಈ ನಸ್ತಾಲೀಖ್ ಹಟ ಬಿಟ್ಟರೆ ಅರ್ಧ ಸಮಸ್ಯೆ ಹೋಗುತ್ತದೆ. ನಸ್ಖ್ ಫಾಂಟ್ ಹಾಕಿ. ಇಡೀ ಅರಬ್ ದೇಶಗಳು ಅದರಲ್ಲೇ ಓದುತ್ತವೆ, ಸಾಲು ನೇರ ಇರುತ್ತದೆ, ಕನ್ನಡದ ಪಕ್ಕ ಚೆನ್ನಾಗಿ ಹೊಂದುತ್ತದೆ.

ಚೌಬಾರಾ:
ಭಾಯ್, ಶಾದಿ ಕಾರ್ಡಿಗೆ ನಸ್ಖ್ ಹಾಕಿ ಕೊಟ್ಟು ನೋಡಿ. ಗಿರಾಕಿ ಹಾಳೆಯನ್ನು ನಿಮ್ಮ ಮುಖಕ್ಕೇ ಎಸೆಯುತ್ತಾನೆ. ಉರ್ದು ಓದುವವರ ಕಣ್ಣಿಗೆ ನಸ್ತಾಲೀಖ್ ಇಲ್ಲದಿದ್ದರೆ ಅದು ಉರ್ದು ಅಂತಲೇ ಅನಿಸಲ್ಲ. ನಮ್ಮ ಅಜ್ಜ ಕೈಬರಹದ ಕಾಲದವರು. ಕಾತಿಬ್, ಅಂದರೆ ಕೈಬರಹಗಾರ, ಬರೆದದ್ದನ್ನೇ ಕಲ್ಲಚ್ಚಿನಲ್ಲಿ ಛಾಪಿಸುತ್ತಿದ್ದರು. ಅಚ್ಚಿನ ಮೊಳೆಗೆ ನಸ್ತಾಲೀಖ್ ಒಗ್ಗಲಿಲ್ಲ ಅಂತಲೇ ಅಷ್ಟು ವರ್ಷ ಕಾತಿಬ್‌ಗಳು ಉಳಿದದ್ದು. ಚೆನ್ನೈನ ದಿ ಮುಸಲ್ಮಾನ್ ಪತ್ರಿಕೆ 1927ರಲ್ಲಿ ಶುರುವಾದದ್ದು, ಅದು ಕೈಬರಹಕ್ಕೇ ಹೆಸರುವಾಸಿ. ಮಿರ್ಜಾ ಅಹ್ಮದ್ ಜಮೀಲ್ ಅವರು 1981ರಲ್ಲಿ ಅಚ್ಚಕ್ಷರದ ಕಂಪನಿ ಮೋನೋಟೈಪ್ ಜೊತೆ ನೂರಿ ನಸ್ತಾಲೀಖ್ ಫಾಂಟ್ ಮಾಡಿದಾಗ ಸಾವಿರಾರು ಜೋಡಿ ಅಕ್ಷರಗಳನ್ನು ಒಂದೊಂದಾಗಿ ಬರೆಯಬೇಕಾಯ್ತು. ಇನ್‌ಪೇಜ್ ಬಂದ ಮೇಲೆ ಅದು ಪ್ರತಿ ಡಿಟಿಪಿ ಅಂಗಡಿಗೂ ತಲುಪಿತು.

ಭೀಮಾ ತೀರ:
ನಾನು ಹೇಳಿದ್ದು ಕರಪತ್ರಕ್ಕೆ, ಬಿಲ್ ಬುಕ್ಕಿಗೆ. ಶಾದಿ ಕಾರ್ಡಿಗೆ ಬೇಕಾದ್ದು ಹಾಕಿಕೊಳ್ಳಿ. ಬಿಲ್ ಬುಕ್ಕನ್ನು ಯಾರು ಅಂದ ನೋಡಿ ಓದುತ್ತಾರೆ?

ಬ್ರಹ್ಮಪುರದ ಹುಡುಗ:
ಅಕ್ಷರದ ಅಂದ ಅಂದರೆ ಬೀದರ್‌ನ ಮಹಮೂದ್ ಗವಾನ್ ಮದರಸಾ. 1472ರದ್ದು. ಹೊರಗೋಡೆಯ ಹೆಂಚಿನ ಮೇಲೆ ಬರಹ ಇನ್ನೂ ಉಳಿದಿದೆ. ಅವರಿಗೆ ಯಾವ ಸಾಫ್ಟ್‌ವೇರೂ ಕೈ ಕೊಟ್ಟಿಲ್ಲ.

ತೊಗರಿ ಬೇಳೆ:
ಅಷ್ಟೂರಿನ ಗುಮ್ಮಟದ ಒಳಗಿನ ಬರಹವನ್ನೂ ನೋಡಬೇಕು. ಅಹ್ಮದ್ ಶಾ ವಲಿ ಗೋರಿ. ಗೋಡೆ, ಚಾವಣಿ ತುಂಬ ಬಣ್ಣ, ಬಂಗಾರದ ಅಕ್ಷರ. ಉರುಸಿಗೆ ಲಿಂಗಾಯತರೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ.

ಶಹಾಬಾದ್ ಕಲ್ಲು:
ವಿಷಯಕ್ಕೆ ಬರ್ರಿ 🙏

ಭೀಮಾ ತೀರ:
ವಿಷಯಕ್ಕೇ ಬರ್ತೀನಿ. ಬೋರ್ಡ್ ಬರೆಯುವ ಪೇಂಟರ್‌ಗಳು ಮೊದಲು ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಒಂದೇ ತಗಡಿನ ಮೇಲೆ ಬರೆಯುತ್ತಿದ್ದರು. ಉರ್ದುಗೆ ಬಂದಾಗ ಏಣಿಯನ್ನು ಆ ತುದಿಗೆ ಸರಿಸುತ್ತಿದ್ದರು, ಅಷ್ಟೇ. ಈಗ ಫ್ಲೆಕ್ಸ್ ಬಂದು ಎಲ್ಲ ಬೋರ್ಡಿನಲ್ಲೂ ಉರ್ದು ಅಕ್ಷರ ಬಿಡಿ ಬಿಡಿ. ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅಂತ ಹೊಸದಾಗಿ ಮಾಡಿಸಿದವರ ಬೋರ್ಡ್ ನೋಡ್ರಿ. ಕನ್ನಡ ದೊಡ್ಡದಾಗಿ ಸರಿಯಾಗಿದೆ. ಕೆಳಗಿನ ಉರ್ದು ಮಾತ್ರ ಬಿಡಿ ಅಕ್ಷರ, ಅದೂ ಎಡದಿಂದ ಬಲಕ್ಕೆ. ಯಾರೂ ಓದೋಕೆ ಆಗಲ್ಲ.

ಕೀಲಿಮಣೆ:
ಅದಕ್ಕೆ ಕಾರಣ ಶೇಪಿಂಗ್ ಇಲ್ಲದಿರೋದು. ಉರ್ದುವಿನ ಹೆಚ್ಚಿನ ಅಕ್ಷರಕ್ಕೆ ನಾಲ್ಕು ರೂಪ: ಬಿಡಿಯಾಗಿ, ಮೊದಲಲ್ಲಿ, ನಡುವೆ, ಕೊನೆಯಲ್ಲಿ. ಯಾವುದು ಹಾಕಬೇಕು ಅಂತ ಸಾಫ್ಟ್‌ವೇರ್ ತೀರ್ಮಾನಿಸಬೇಕು. ಫೋಟೋಶಾಪ್‌ನಲ್ಲಿ ಪ್ರಿಫರೆನ್ಸಸ್, ಟೈಪ್ ಒಳಗೆ ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್ ಅಂತ ಇರುತ್ತದೆ, ಹೊಸದರಲ್ಲಿ ವರ್ಲ್ಡ್ ರೆಡಿ ಅಂತ. ಅದನ್ನು ಆರಿಸಿ ಹೊಸ ಫೈಲ್ ತೆರೆದರೆ ಅಕ್ಷರ ಕೂಡಿಕೊಳ್ಳುತ್ತವೆ. ಕನ್ನಡದ ಒತ್ತಕ್ಷರ ಒಡೆಯೋದೂ ಅದರಿಂದಲೇ ಸರಿಯಾಗುತ್ತದೆ. ಫ್ಲೆಕ್ಸ್ ಹುಡುಗರಿಗೆ ದಯವಿಟ್ಟು ಇದನ್ನು ಕಳಿಸಿ.

ಮಾಸ್ತರ್ ಶಹಾಪುರ:
ನನ್ನದೂ ಒಂದು ಪ್ರಶ್ನೆ. ಶಾಲೆಯ ಮಕ್ಕಳ ಹೆಸರಿನ ಪಟ್ಟಿ ಉರ್ದುವಿನಲ್ಲಿದೆ. ಕಣ್ಣೆದುರೇ ಹೆಸರು ಇರುತ್ತದೆ, ಹುಡುಕಿದರೆ ಇಲ್ಲ ಅನ್ನುತ್ತದೆ. ಕೆಲವು ಹೆಸರು ಸಿಗುತ್ತವೆ, ಕೆಲವು ಇಲ್ಲ.

ಕೀಲಿಮಣೆ:
ಪಟ್ಟಿಯನ್ನು ಇಬ್ಬರು ಟೈಪ್ ಮಾಡಿರಬೇಕು. ಒಬ್ಬರು ಅರಬ್ಬಿ ಕೀಬೋರ್ಡ್, ಇನ್ನೊಬ್ಬರು ಉರ್ದು ಕೀಬೋರ್ಡ್. ಅರಬ್ಬಿಯ ಯೇ ಬೇರೆ, ಉರ್ದುವಿನ ಯೇ ಬೇರೆ. ಕಾಫ್ ಬೇರೆ, ಹೇ ಕೂಡ ಬೇರೆ. ಪದದ ನಡುವೆ ಯೇ ಬಂದಾಗ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಒಳಗಿನ ಸಂಖ್ಯೆ ಬೇರೆ. ಅರಬ್ಬಿಯದು 064ಎ, ಉರ್ದುವಿನದು 06ಸಿಸಿ. ಫೈಂಡ್ ಆ್ಯಂಡ್ ರಿಪ್ಲೇಸ್‌ನಲ್ಲಿ ಮೂರನ್ನೂ ಉರ್ದುವಿಗೆ ಬದಲಿಸಿ. ಅಕಾರಾದಿ ಜೋಡಣೆಯೂ ಆಗಲೇ ಸರಿಯಾಗೋದು.

ಸ್ಟೇಷನ್ ರೋಡ್ ಡಿಟಿಪಿ:
ನನ್ನ ಹತ್ತಿರ ಹಳೇ ಇನ್‌ಪೇಜ್ ಫೈಲುಗಳ ರಾಶಿ ಇದೆ. ಕಾಪಿ ಮಾಡಿ ಲಿಬ್ರೆ ಆಫೀಸ್‌ಗೆ ಹಾಕಿದರೆ ಕಸ ಬರುತ್ತದೆ.

ಶಹಾಬಾದ್ ಕಲ್ಲು:
ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರಿನ ಹಳೇ ಫೈಲನ್ನು ಯೂನಿಕೋಡ್ ಫಾಂಟಿಗೆ ಹಾಕಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದಲ್ಲ, ಅದೇ ಕಥೆ. ಹಳೇ ಇನ್‌ಪೇಜ್ ತನ್ನದೇ ಸಂಕೇತ ಬಳಸುತ್ತಿತ್ತು. ಎರಡಕ್ಕೂ ಪರಿವರ್ತಕಗಳು ಸಿಗುತ್ತವೆ. ಹಾಕಿದ ಮೇಲೆ ಅಂಕಿ, ಬ್ರಾಕೆಟ್, ಪದಗಳ ನಡುವಿನ ಸ್ಪೇಸ್ ಇವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಪರಿವರ್ತಕ ಜಾಸ್ತಿ ಎಡವೋದು ಅಲ್ಲೇ.

ಬ್ರಹ್ಮಪುರದ ಹುಡುಗ:
ಇಷ್ಟೆಲ್ಲ ಮಾಡೋ ಬದಲು ಇನ್‌ಪೇಜ್ ಅಂತ ನಾನು ಮೊದಲೇ ಹೇಳಿದೆ.

ಕೀಲಿಮಣೆ:
ತಮ್ಮಾ, ಹೊಸ ಇನ್‌ಪೇಜ್‌ನಲ್ಲಿ ಯೂನಿಕೋಡ್ ಇದೆ, ಅದು ಕೆಟ್ಟದ್ದು ಅಂತ ಯಾರೂ ಹೇಳಿಲ್ಲ. ಆದರೆ ಇವರ ಹಾಳೆಯಲ್ಲಿ ಮೇಲೆ ಕನ್ನಡ ಇದೆ.

ಬ್ರಹ್ಮಪುರದ ಹುಡುಗ:
ಸರಿ ಸರಿ

ತೊಗರಿ ಬೇಳೆ:
ಪ್ರೆಸ್ಸಿಗೆ ಕೊಡುವಾಗ ಡಾಕ್ಯುಮೆಂಟ್ ಫೈಲ್ ಕೊಡಬೇಡಿ, ಪಿಡಿಎಫ್ ಮಾಡಿ ಕೊಡಿ. ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ನಸ್ತಾಲೀಖ್ ಫಾಂಟ್ ಇಲ್ಲದಿದ್ದರೆ ಬೇರೆ ಯಾವುದೋ ಬಂದು ಕೂರುತ್ತದೆ. ಪಿಡಿಎಫ್ ಒಳಗೆ ಫಾಂಟ್ ಸೇರಿಕೊಂಡಿರುತ್ತದೆ. ಮೂಲ ಫೈಲೂ ಇಟ್ಟುಕೊಳ್ಳಿ, ಪಿಡಿಎಫ್‌ನಿಂದ ಉರ್ದು ಕಾಪಿ ಮಾಡಿದರೆ ಎಷ್ಟೋ ಸಲ ಅಕ್ಷರ ಹಿಂದುಮುಂದಾಗಿ ಬರುತ್ತವೆ.

ಮಾಸ್ತರ್ ಶಹಾಪುರ:
ಯೇ, ಕಾಫ್, ಹೇ ಬದಲಿಸಿದೆ, ಎಲ್ಲ ಹೆಸರೂ ಸಿಗುತ್ತಿವೆ. ಇನ್ನು ಈ ಪಟ್ಟಿಯನ್ನು ಲಿಬ್ರೆ ಆಫೀಸ್‌ನ ಎಕ್ಸೆಲ್ ಥರದ ಕ್ಯಾಲ್ಕ್‌ಗೆ ಹಾಕಬೇಕು. ಅಲ್ಲಿ ಕ್ರಮಸಂಖ್ಯೆಯ ಕಾಲಂ ಬಲಗಡೆ ಬರಬೇಕು. ಕಾಲಂಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ಅಂಟಿಸಬೇಕಾ?

ಶಹಾಬಾದ್ ಕಲ್ಲು:
ಬೇಡ ಮಾಸ್ತರೇ. ಶೀಟ್ ಮೆನುವಿನಲ್ಲಿ ರೈಟ್ ಟು ಲೆಫ್ಟ್ ಅಂತ ಇದೆ. ಒತ್ತಿದರೆ ಎ ಕಾಲಂ ಬಲತುದಿಗೆ ಹೋಗುತ್ತದೆ, ಉಳಿದವು ಅದರ ಎಡಕ್ಕೆ ಸಾಲಾಗಿ ಬರುತ್ತವೆ. ಮೊದಲು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಇರಬೇಕು, ಇಲ್ಲದಿದ್ದರೆ ಮೆನುವಿನಲ್ಲಿ ಆ ಸಾಲೇ ಕಾಣಲ್ಲ.

ಸ್ಟೇಷನ್ ರೋಡ್ ಡಿಟಿಪಿ:
ಟೆಂಪ್ಲೇಟ್ ತಯಾರಾಯ್ತು. ಉರ್ದು ಸಾಲುಗಳನ್ನು ಚೆನ್ನಾಗಿ ಓದಬಲ್ಲ ಕಲಬುರಗಿಯವರು ಯಾರಾದರೂ ಒಮ್ಮೆ ಪ್ರೂಫ್ ನೋಡಿಕೊಡ್ತೀರಾ? ಈ ವಾರ ಕೈಯಲ್ಲಿರುವ ಕಾರ್ಡಿನಲ್ಲಿ ಇಬ್ಬರು ಡಾಕ್ಟರು, ಒಬ್ಬ ವಕೀಲ ಇದ್ದಾರೆ.

ಚೌಬಾರಾ:
ನಮ್ಮ ದೊಡ್ಡಪ್ಪ ಸೂಪರ್ ಮಾರ್ಕೆಟ್ ಹತ್ತಿರ ಇರುತ್ತಾರೆ, ನಿವೃತ್ತ ಉರ್ದು ಮೇಷ್ಟ್ರು. ಮೆಸೇಜ್ ಮಾಡಿ, ಮಾತಾಡಿಸುತ್ತೇನೆ. ಪ್ರಿಂಟ್ ತೆಗೆದು ಒಯ್ಯಿರಿ, ಅವರು ಮೊಬೈಲ್ ಸ್ಕ್ರೀನ್ ಮೇಲೆ ಓದಲ್ಲ.